ಕುರುವಾಯಿ ಹುಳ, ಕರುಳಿನ ಗಡ್ಡೆ ಮತ್ತು ನಮ್ಮ ಫೈನಲ್ ಇಯರ್ ಪ್ರಾಜೆಕ್ಟು

ನಮ್ಮ ಕಾಲೇಜಿನ ಪ್ರಾಜೆಕ್ಟ್ ಎಕ್ಸಿಬಿಷನ್ನಿಗೆ ಯಾವ ವರ್ಷ ಬೇಕಾದ್ರೂ ಹೋಗಿ, 'ಡೀಪ್ ಲರ್ನಿಂಗ್ ಬಳಸಿ ಕ್ಯಾನ್ಸರ್ ಪತ್ತೆ' ಅನ್ನೋ ಪೋಸ್ಟರು ನಾಲ್ಕಾದರೂ ಸಿಗುತ್ತೆ. ಡೇಟಾ ಇಂಟರ್‌ನೆಟ್ಟಿಂದ ಇಳಿಸಿದ್ದು, ಕೋಡು ಸೀನಿಯರ್‌ಗಳು ಬಿಟ್ಟುಹೋಗಿದ್ದು, ಅಕ್ಯುರೆಸಿ ಮಾತ್ರ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಏರುತ್ತೆ. ಗೈಡ್ ಸಹಿ ಹಾಕ್ತಾರೆ, ಎಕ್ಸ್‌ಟರ್ನಲ್ ಮಾರ್ಕ್ಸ್ ಕೊಡ್ತಾರೆ, ಪೋಸ್ಟರು ಹಾಸ್ಟೆಲ್ ಮಂಚದ ಕೆಳಗೆ ಸೇರುತ್ತೆ. ಯಾರನ್ನೂ ಹೀಯಾಳಿಸೋಕೆ ಈ ಮಾತು ಹೇಳ್ತಿಲ್ಲ. ಕ್ಯಾನ್ಸರ್ ಅಂದ ತಕ್ಷಣ ಎಂಜಿನಿಯರಿಗೆ ಇರೋ ಕೆಲಸ ಇಷ್ಟೇ, ಮಿಕ್ಕಿದ್ದೆಲ್ಲ ಡಾಕ್ಟರದ್ದು ಅಂತ ನಾವು ಒಪ್ಪಿಕೊಂಡುಬಿಟ್ಟಿದ್ದೀವಲ್ಲ, ನನ್ನ ತಕರಾರು ಅದರ ಮೇಲೆ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ವೈರಸ್ಸನ್ನೂ ಪ್ರೊಡ್ರಗ್ಗನ್ನೂ ಜೋಡಿಸಿ ಹೊಡೆಯೋ ಒಂದು ಚಿಕಿತ್ಸೆ ಇದೆ. ಮೂವತ್ತು ವರ್ಷದಿಂದ ಅರ್ಧ ದಾರಿಯಲ್ಲಿ ನಿಂತಿದೆ. ಎಲ್ಲಿ ನಿಂತಿದೆ ಅಂತ ನೋಡಿದ್ರೆ, ಅಲ್ಲಿ ಮುಚ್ಚಿರೋ ಗೇಟುಗಳು ಹೆಚ್ಚುಪಾಲು ನಮ್ಮ ಸಿಲಬಸ್ಸಿನವೇ.

ಮೊದಲು ತೋಟಕ್ಕೆ ಹೋಗಿಬರೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಕುರುವಾಯಿ ಹುಳದ ಪರಿಚಯ ಮಾಡಿಸಬೇಕಿಲ್ಲ. ಒಂಟಿ ಕೊಂಬಿನ ಕಪ್ಪು ದುಂಬಿ, ತಿಪ್ಪೆಯಲ್ಲಿ ಮರಿ ಮಾಡಿ, ರಾತ್ರಿ ಹಾರಿ ಬಂದು ತೆಂಗಿನ ಸುಳಿ ಕೊರೆಯುತ್ತೆ. ಆಮೇಲೆ ಬಿಚ್ಚಿಕೊಳ್ಳೋ ಗರಿ ಕತ್ತರಿಯಲ್ಲಿ ಕತ್ತರಿಸಿದ ಹಾಗಿರುತ್ತೆ. 1963ರಲ್ಲಿ ಹ್ಯೂಗರ್ ಅನ್ನೋ ಜರ್ಮನ್ ವಿಜ್ಞಾನಿ ಮಲೇಷ್ಯಾದಲ್ಲಿ ಈ ಹುಳಕ್ಕೆ ಕಾಯಿಲೆ ತರೋ ಒಂದು ವೈರಸ್ ಕಂಡುಹಿಡಿದ. 1967ರಲ್ಲಿ ಅದನ್ನ ಸಮೋವಾ ದ್ವೀಪದಲ್ಲಿ ಬಿಟ್ಟರು. ಕಾಸರಗೋಡಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಇದನ್ನೇ ಮಾಡಿದರು. ವಿಧಾನ ಬಹಳ ಸರಳ. ಒಂದಷ್ಟು ದುಂಬಿ ಹಿಡಿಯೋದು, ವೈರಸ್ ಕುಡಿಸೋದು, ವಾಪಸ್ ಬಿಡೋದು. ಅದು ತಕ್ಷಣ ಸಾಯಲ್ಲ. ಹಾರಿಹೋಗಿ ತನ್ನ ತಿಪ್ಪೆ ಸೇರುತ್ತೆ, ಹೊಟ್ಟೆಯಲ್ಲಿ ವೈರಸ್ ಬೆಳೆಸ್ಕೊಂಡು ಅಲ್ಲೆಲ್ಲ ಹರಡುತ್ತೆ. ಕೀಟನಾಶಕ ಹೊಡೆಯೋನು ಹೋಗಲಾರದ ತಿಪ್ಪೆಗೆ ಹುಳವೇ ಮದ್ದು ಹೊತ್ಕೊಂಡು ಹೋಗುತ್ತೆ. ಮರಕ್ಕೆ ಏನೂ ಆಗಲ್ಲ, ಎಳನೀರು ಕುಡಿದವನಿಗೂ ಏನೂ ಆಗಲ್ಲ.

ಕ್ಯಾನ್ಸರ್ ಕೊಲ್ಲೋ ವೈರಸ್ಸಿನ ಐಡಿಯಾನೂ ಇದೇ. ತನ್ನ ಗುರಿಯ ಒಳಗೇ ಬೆಳೆಯೋ ಮದ್ದು. ಮಾತ್ರೆ ನುಂಗಿದ ಕ್ಷಣದಿಂದ ಕಡಿಮೆ ಆಗ್ತಾ ಹೋಗುತ್ತೆ, ವೈರಸ್ ಹೊಕ್ಕ ಕ್ಷಣದಿಂದ ಜಾಸ್ತಿ ಆಗ್ತಾ ಹೋಗುತ್ತೆ.

ಈಗ ಕರುಳಿಗೆ ಬರೋಣ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಇವತ್ತಿಗೂ ಮುಖ್ಯ ಔಷಧಿ 5-ಎಫ್‌ಯು, ಅಂದ್ರೆ ಫ್ಲೂರೋಯುರಾಸಿಲ್. 1957ರಲ್ಲಿ ಚಾರ್ಲ್ಸ್ ಹೈಡೆಲ್‌ಬರ್ಗರ್ ಮತ್ತವರ ಜೊತೆಯವರು ಮಾಡಿದ್ದು. ಕೋಶ ತನಗೆ ಬೇಕಾದ ಯುರಾಸಿಲ್ ಅಂದುಕೊಂಡು ಇದನ್ನ ಒಳಗೆ ಕರ್ಕೊಳ್ಳುತ್ತೆ. ಒಳಗೆ ಹೋದ ಮೇಲೆ ಡಿಎನ್‌ಎ ಕಟ್ಟೋ ಕೆಲಸವೇ ನಿಲ್ಲುತ್ತೆ. ತೊಂದರೆ ಏನಂದ್ರೆ ಬೇಗ ಬೇಗ ಬೆಳೆಯೋ ಕೋಶ ಕ್ಯಾನ್ಸರ್‌ದು ಮಾತ್ರ ಅಲ್ಲ. ಬಾಯಿಯ ಒಳಪದರ, ಕರುಳಿನ ಒಳಪದರ, ಮೂಳೆಯ ಮಜ್ಜೆ, ಇವೂ ಹಾಗೇ. ಬಾಯಿ ಹುಣ್ಣು, ಭೇದಿ, ರಕ್ತದ ಕಣ ಇಳಿಯೋದು, ಎಲ್ಲ ಅದರಿಂದಲೇ. ಮನೆಗೆ ಬೀಗ ಇಲ್ಲ, ಕಳ್ಳನ ಮನೆ ಯಾವುದು ಸಾಹುಕಾರನ ಮನೆ ಯಾವುದು ಅಂತ ಮದ್ದಿಗೆ ಗೊತ್ತಿಲ್ಲ.

ಅದಕ್ಕೆ ಬಂದಿದ್ದು ಪ್ರೊಡ್ರಗ್. ಎಲೆ, ಅಡಿಕೆ, ಸುಣ್ಣ ನೆನೆಸ್ಕೊಳ್ಳಿ. ತಟ್ಟೆಯಲ್ಲಿದ್ದಾಗ ಮೂರರಲ್ಲಿ ಯಾವುದಕ್ಕೂ ಆ ಕೆಂಪಿಲ್ಲ, ಬಾಯಲ್ಲಿ ಒಂದಾದ ಮೇಲೇ ಅದು ಬರೋದು. (ಹೋಲಿಕೆ ಮಾತ್ರ ತಗೊಳ್ಳಿ. ಎಲೆಯಡಿಕೆ ಅಗಿಯೋದು ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಹೇಳಿದೆ.) ಪ್ರೊಡ್ರಗ್ ಅಂದ್ರೆ ದಾರಿಯುದ್ದಕ್ಕೂ ಮದ್ದಲ್ಲ, ಸರಿಯಾದ ಜಾಗದಲ್ಲಿ ಸರಿಯಾದ ಕಿಣ್ವ ಸಿಕ್ಕಾಗ ಮಾತ್ರ ಮದ್ದು. ಇದೇನು ಯಾವುದೋ ದೂರದ ಲ್ಯಾಬಿನ ಕಥೆಯಲ್ಲ. ಕೇಪ್‌ಸಿಟಬಿನ್ ಅನ್ನೋ ಮಾತ್ರೆ ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಗೂಡಿನಲ್ಲಿದೆ. ಅದೂ ಪ್ರೊಡ್ರಗ್ಗೇ. ಮೂರು ಹಂತ ದಾಟಿ 5-ಎಫ್‌ಯು ಆಗುತ್ತೆ, ಕೊನೇ ಹಂತದ ಕಿಣ್ವ ಗಡ್ಡೆಯಲ್ಲಿ ಜಾಸ್ತಿ ಇರುತ್ತೆ.

ಜಾಸ್ತಿ ಇರುತ್ತೆ ಅಷ್ಟೆ. ಅಲ್ಲಿ ಮಾತ್ರ ಇರಲ್ಲ. ಆ ವ್ಯತ್ಯಾಸ ಏನು ಅಂತ ನಾನು ನೋಡಿದ್ದು ನಮ್ಮ ದೊಡ್ಡಪ್ಪನ ಕೈಯಲ್ಲಿ.

ದೊಡ್ಡಪ್ಪ ತುರುವೇಕೆರೆ ಕಡೆ ಕಾಯಿ ಸುಲಿಯೋರು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ಮೂರು ಸಲ ತಿರುಗಿಸಿದ್ರೆ ಮಟ್ಟೆ ಕೆಳಗೆ. ಅಟ್ಟದಲ್ಲಿ ವರ್ಷದ ಹತ್ತಿರ ಒಣಗಿದ ಕಾಯನ್ನ ಕಿವಿ ಹತ್ರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ವೋ ಅಂತ ಸದ್ದಿನಲ್ಲೇ ಹೇಳೋರು. ಮಲದಲ್ಲಿ ರಕ್ತ ಹೋಗ್ತಿತ್ತು. ಮೂಲವ್ಯಾಧಿ ಅಂತ ಒಬ್ಬ ಬೋರ್ಡು ಹಾಕ್ಕೊಂಡವನ ಹತ್ರ ಎಂಟು ತಿಂಗಳು ಪುಡಿ, ಲೇಪ, ಪಥ್ಯ ನಡೀತು. ಆಮೇಲೆ ಬೆಂಗಳೂರು, ಆಪರೇಷನ್ನು, ಆಮೇಲೆ ಈ ಮಾತ್ರೆ. ಎರಡನೇ ಸುತ್ತಿಗೆ ಅಂಗೈ ಅಂಗಾಲು ಕೆಂಪಾಗಿ ಸಿಪ್ಪೆ ಏಳೋಕೆ ಶುರುವಾಯ್ತು. ಇದಕ್ಕೆ ಹೆಸರಿದೆ, ಹ್ಯಾಂಡ್-ಫುಟ್ ಸಿಂಡ್ರೋಮ್. ಈ ಮಾತ್ರೆ ತಗೊಳ್ಳೋ ಬಹಳ ಜನಕ್ಕೆ ಬರುತ್ತೆ, ಡೋಸ್ ಇಳಿಸಿದ್ರೆ ಸಾಮಾನ್ಯವಾಗಿ ಹತೋಟಿಗೆ ಬರುತ್ತೆ. ಆದರೆ ಇನ್‌ಸ್ಟಾಗ್ರಾಂ ನೋಡೋ ಅಂಗೈಗೂ ದಿನಕ್ಕೆ ಸಾವಿರಾರು ಕಾಯಿ ಹಿಡಿಯೋ ಅಂಗೈಗೂ ಈ ಅಡ್ಡಪರಿಣಾಮ ಒಂದೇ ಅಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದ್ರೆ ಮಿಷಿನ್ನು ಗುರುತು ಹಿಡೀಲಿಲ್ಲ. ಬೆರಳಿನ ಗೆರೆಗಳೇ ಸವೆದಿದ್ದವು. 'ಏನ್ಲಾ ಮಗ, ನಾನೇ ನಾನಲ್ಲ ಅಂತೈತೆ ಇದು' ಅಂದ್ರು. ನಗ್ತಾನೇ ಅಂದ್ರು. ಮದ್ದಿನ ಬೀಗ ಸಡಿಲ ಇದ್ರೆ ಅದು ಎಲ್ಲಿಗೆ ಬಂದು ಮುಟ್ಟುತ್ತೆ ನೋಡಿ.

ಹಾಗಾದ್ರೆ ಬಿಗಿ ಬೀಗ ಯಾವುದು? ಮನುಷ್ಯನ ಕೋಶದಲ್ಲಿ ಇರಲೇ ಇರದ ಕಿಣ್ವ. ಇಲ್ಲಿ ಒಂದು ಚಂದದ ಕಥೆ ಇದೆ. 5-ಎಫ್‌ಯು ಹುಟ್ಟಿದ ಕಾಲದಲ್ಲೇ ಅದರ ತಮ್ಮ ಅನ್ನಬಹುದಾದ 5-ಎಫ್‌ಸಿ, ಫ್ಲೂಸೈಟೋಸಿನ್, ಕೂಡ ತಯಾರಾಯ್ತು. ಕ್ಯಾನ್ಸರ್‌ಗೆ ಅಂತಲೇ ಮಾಡಿದ್ದು. ಏನೂ ಕೆಲಸ ಮಾಡಲಿಲ್ಲ, ಯಾಕಂದ್ರೆ ಅದನ್ನ 5-ಎಫ್‌ಯು ಮಾಡೋ ಸೈಟೋಸಿನ್ ಡಿಅಮಿನೇಸ್ ಅನ್ನೋ ಕಿಣ್ವ ನಮ್ಮ ಕೋಶಗಳಲ್ಲಿ ಇಲ್ಲ. ಆದರೆ ಶಿಲೀಂಧ್ರಗಳಲ್ಲಿ ಇದೆ. ಹಾಗಾಗಿ ಕ್ಯಾನ್ಸರ್ ಪರೀಕ್ಷೆಯಲ್ಲಿ ಫೇಲಾದ ಈ ಔಷಧಿ ಫಂಗಸ್ ಸೋಂಕಿಗೆ ಮದ್ದಾಯ್ತು. ಫಂಗಸ್ಸು ತಾನೇ ಅದನ್ನ ವಿಷ ಮಾಡ್ಕೊಂಡು ಸಾಯುತ್ತೆ, ನಮ್ಮ ಕೋಶ ಅದನ್ನ ವಿಷ ಮಾಡ್ಕೊಳ್ಳಲ್ಲ. ಫೇಲಾಗಿದ್ದಕ್ಕೆ ಇದ್ದ ಕಾರಣವೇ ಈಗ ಅದರ ದೊಡ್ಡ ಗುಣ. ಯೀಸ್ಟಿನಲ್ಲಿರೋ ಆ ಕಿಣ್ವದ ಜೀನನ್ನ ಗಡ್ಡೆಯ ಕೋಶಗಳಿಗೆ ಮಾತ್ರ ತಲುಪಿಸಿ, ಆಮೇಲೆ 5-ಎಫ್‌ಸಿ ಕೊಟ್ರೆ? ಗಡ್ಡೆ ತನ್ನ ಕೀಮೋಥೆರಪಿಯನ್ನ ತಾನೇ ತಯಾರಿಸ್ಕೊಳ್ಳುತ್ತೆ. ತಲುಪಿಸೋರು ಯಾರು? ಕ್ಯಾನ್ಸರ್ ಕೋಶದಲ್ಲಿ ಮಾತ್ರ ಬೆಳೆಯೋ ಹಾಗೆ ಜೀನ್ ಕತ್ತರಿಸಿದ ವೈರಸ್.

ಎರಡನ್ನೂ ಯಾಕೆ ಜೋಡಿಸಬೇಕು, ಒಂದೇ ಸಾಲದೇ ಅಂತ ಕೇಳಬಹುದು. ಬರೀ ವೈರಸ್ ಬಿಟ್ರೆ ಅದು ಗಡ್ಡೆಯ ಪ್ರತಿ ಕೋಶಕ್ಕೂ ಹೋಗಿ ಮುಟ್ಟಬೇಕು, ಗಡ್ಡೆಯೊಳಗಿನ ಗಟ್ಟಿ ನಾರು ಮತ್ತು ಒತ್ತಡ ಅದನ್ನ ಬಿಡಲ್ಲ. ಬರೀ ಜೀನ್ ಹೊತ್ತ, ಬೆಳೆಯದ ವೈರಸ್ ಬಿಟ್ರೆ ಕೈಗೆ ಸಿಕ್ಕ ನಾಲ್ಕು ಕೋಶಕ್ಕೆ ಮುಗೀತು. ಜೋಡಿಸಿದಾಗ ವೈರಸ್ ಒಂದಷ್ಟು ದೂರ ಹರಡುತ್ತೆ, ಅಲ್ಲಿಂದಾಚೆಗೆ ಮದ್ದು ಹರಡುತ್ತೆ. 5-ಎಫ್‌ಯು ಅಣು ಚಿಕ್ಕದು, ಕೋಶದ ಪೊರೆ ದಾಟಿ ಪಕ್ಕದ ಕೋಶಕ್ಕೂ ಹೋಗುತ್ತೆ. ಇದಕ್ಕೆ ಬೈಸ್ಟ್ಯಾಂಡರ್ ಪರಿಣಾಮ ಅಂತಾರೆ. 1994ರಲ್ಲಿ ಇಲಿಗಳ ಮೇಲೆ, ಮನುಷ್ಯರ ಕರುಳಿನ ಕ್ಯಾನ್ಸರ್ ಕೋಶಗಳನ್ನಿಟ್ಟು ಮಾಡಿದ ಪ್ರಯೋಗದಲ್ಲಿ, ನೂರಕ್ಕೆ ಬೆರಳೆಣಿಕೆಯಷ್ಟು ಕೋಶಗಳಲ್ಲಿ ಮಾತ್ರ ಈ ಕಿಣ್ವ ಇದ್ದರೂ ಗಡ್ಡೆಗಳು ಕುಗ್ಗಿದ್ದವು. ಪ್ರತಿ ತೊಟ್ಟಿಗೂ ನೀವೇ ಹೋಗಿ ಕೊಡ ಸುರಿಯೋದಕ್ಕೂ ತಿರುವು ನೋಡಿ ಒಂದು ಡ್ರಿಪ್ ಪೈಪ್ ಎಳೆಯೋದಕ್ಕೂ ಇರೋ ವ್ಯತ್ಯಾಸ.

ಇದು ಕಾಗದದ ಮೇಲಷ್ಟೇ ಇದೆ ಅಂದುಕೊಳ್ಳಬೇಡಿ. ಕರುಳಿನ ರಕ್ತ ಮೊದಲು ಹೋಗೋದು ಯಕೃತ್ತಿಗೆ, ಹಾಗಾಗಿ ಕರುಳಿನ ಕ್ಯಾನ್ಸರ್ ಹರಡಿದ್ರೆ ಬಹಳ ಸಲ ಅಲ್ಲೇ ಮನೆ ಮಾಡುತ್ತೆ. ಒನಿಕ್ಸ್-015 ಅನ್ನೋ ಅಡಿನೋವೈರಸ್ಸನ್ನ ಯಕೃತ್ತಿನ ರಕ್ತನಾಳಕ್ಕೆ ನೇರವಾಗಿ ಬಿಟ್ಟು ಅಂಥ ರೋಗಿಗಳ ಮೇಲೆ 2000ದ ಆಸುಪಾಸಿನಲ್ಲೇ ಟ್ರಯಲ್ ನಡೆದಿದೆ. ಅದರದೇ ದಾಯಾದಿಯಾದ ಎಚ್101 ಎಂಬ ವೈರಸ್‌ಗೆ ಚೀನಾ 2005ರಲ್ಲಿ ತಲೆ-ಕುತ್ತಿಗೆ ಕ್ಯಾನ್ಸರ್‌ಗೆ ಅನುಮತಿ ಕೊಟ್ಟಿತು. 2015ರಲ್ಲಿ ಅಮೆರಿಕ ಚರ್ಮದ ಕ್ಯಾನ್ಸರ್‌ಗೆ ಟಿ-ವೆಕ್ ಅನ್ನೋ ಹರ್ಪಿಸ್ ವೈರಸ್ಸನ್ನ ಒಪ್ಪಿತು. ವೈರಸ್ ಮತ್ತು 5-ಎಫ್‌ಸಿ ಜೋಡಿಯನ್ನೇ ಕರುಳಿನ ಕ್ಯಾನ್ಸರ್ ರೋಗಿಗಳಲ್ಲಿ ನೋಡಿದ್ದು ಫ್ರಾನ್ಸಿನ ಟ್ರಾನ್ಸ್‌ಜೀನ್ ಕಂಪನಿ. ಅವರ ಟಿಜಿ6002 ಒಂದು ವ್ಯಾಕ್ಸಿನಿಯಾ ವೈರಸ್, ಅಂದ್ರೆ ಸಿಡುಬಿನ ಲಸಿಕೆಗೆ ಬಳಸಿದ ಮನೆತನದ್ದು.

ಈಗ ಸೋಲಿನ ಲೆಕ್ಕ, ಅದನ್ನ ಬಿಟ್ಟು ಬರೀ ಹೊಗಳಿದ್ರೆ ನಾನೂ ಆ ವಾಟ್ಸಾಪ್ ಫಾರ್ವರ್ಡ್ ಮಾಡೋರ ಸಾಲಿಗೇ ಸೇರ್ತೀನಿ. ಈ ಜೋಡಿ ಚಿಕಿತ್ಸೆಯ ಅತಿ ದೊಡ್ಡ ಪರೀಕ್ಷೆ ನಡೆದಿದ್ದು ಮೆದುಳಿನ ಗಡ್ಡೆಯ ಮೇಲೆ. ಟೋಕಾ 511 ಅನ್ನೋ ವೈರಸ್, ಜೊತೆಗೆ 5-ಎಫ್‌ಸಿ, 403 ರೋಗಿಗಳು. 2019ರಲ್ಲಿ ಫಲಿತಾಂಶ ಬಂತು. ಹೊಸ ಚಿಕಿತ್ಸೆ ಪಡೆದವರ ಬದುಕಿನ ಮಧ್ಯಮಾಂಕ ಸುಮಾರು 11.1 ತಿಂಗಳು, ಹಳೇ ಚಿಕಿತ್ಸೆಯವರದು 12.2. ಗೆಲ್ಲಲಿಲ್ಲ. ಅದಕ್ಕೂ ಇಪ್ಪತ್ತು ವರ್ಷ ಮುಂಚೆ, 1999ರಲ್ಲಿ, ಜೆಸ್ಸಿ ಗೆಲ್ಸಿಂಗರ್ ಅನ್ನೋ ಹುಡುಗ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೀನ್ ಚಿಕಿತ್ಸೆ ಟ್ರಯಲ್‌ನಲ್ಲಿ ಅಡಿನೋವೈರಸ್ ಹಾಕಿಸಿಕೊಂಡು ನಾಲ್ಕು ದಿನಕ್ಕೆ ತೀರಿಕೊಂಡ. ಅದು ಕ್ಯಾನ್ಸರ್ ಚಿಕಿತ್ಸೆಯಲ್ಲ, ವೈರಸ್ ಕೂಡ ಬೆಳೆಯೋ ಜಾತಿಯದಲ್ಲ. ಆದರೂ ದೇಹದ ರಕ್ಷಣಾ ವ್ಯವಸ್ಥೆ ಸ್ಫೋಟಿಸಿತು. ಅವನಿಗೆ 18 ವರ್ಷ. ನಮ್ಮ ಫಸ್ಟ್ ಇಯರ್ ಹುಡುಗರ ವಯಸ್ಸು. ಕೊಲ್ಲೋ ವೈರಸ್ಸು, ಗುಣ ಮಾಡೋ ವೈರಸ್ಸು ಅಂತ ರೀಲ್ ಮಾಡೋ ಮುಂಚೆ ಆ ಹೆಸರು ಗೊತ್ತಿರಬೇಕು.

ತೋಟದಲ್ಲೂ ಗೆಲುವೇ ಅಲ್ಲ. 2007ರಲ್ಲಿ ಗುವಾಮ್ ದ್ವೀಪಕ್ಕೆ ಬಂದ ಕುರುವಾಯಿ ಹುಳದ ತಳಿಗೆ ಆ ಹಳೇ ವೈರಸ್ ಏನೂ ಮಾಡಲಿಲ್ಲ. ಹುಳ ಬದಲಾಯ್ತು, ಮದ್ದು ಬದಲಾಗಿರಲಿಲ್ಲ. ಗಡ್ಡೆಯೂ ಹಾಗೇ ಬದಲಾಗುತ್ತೆ.

ಆದರೆ ಈ ಸೋಲುಗಳನ್ನ ಒಂದು ಸಲ ಬಿಡಿಸಿ ನೋಡಿ. 5-ಎಫ್‌ಸಿ ಯಿಂದ 5-ಎಫ್‌ಯು ಆಗಲ್ಲ ಅಂತ ಯಾರೂ ಹೇಳ್ತಿಲ್ಲ, ಆ ಕೆಮಿಸ್ಟ್ರಿ ಗಟ್ಟಿ ಇದೆ. ಸಿಕ್ಕಿಹಾಕಿಕೊಳ್ಳೋದು ತಲುಪಿಸೋದರಲ್ಲಿ ಮತ್ತು ಟೈಮಿಂಗ್‌ನಲ್ಲಿ. ವೈರಸ್ ಬೆಳೆಯೋದಕ್ಕೆ ಕೋಶ ಬದುಕಿರಬೇಕು, ಅದರ ಡಿಎನ್‌ಎ ಕಾರ್ಖಾನೆ ಓಡ್ತಿರಬೇಕು. 5-ಎಫ್‌ಯು ಅದೇ ಕಾರ್ಖಾನೆಯನ್ನ ನಿಲ್ಲಿಸುತ್ತೆ. ಪ್ರೊಡ್ರಗ್ ಬೇಗ ಕೊಟ್ರೆ ವೈರಸ್ ಹರಡೋ ಮುಂಚೆ ಅದರ ಮನೆಯನ್ನೇ ಸುಟ್ಟಂಗೆ. ತಡ ಮಾಡಿದ್ರೆ ಅಷ್ಟರಲ್ಲಿ ದೇಹದ ಪ್ರತಿಕಾಯಗಳು ಬಂದು ವೈರಸ್ಸನ್ನ ಗುಡಿಸಿ ಹಾಕಿರುತ್ತವೆ. ನಡುವೆ ಒಂದು ಕಿಂಡಿ ಇದೆ, ಅದು ರೋಗಿಯಿಂದ ರೋಗಿಗೆ ಬೇರೆ. ಕರುಳಿನ ವಿಷಯದಲ್ಲಿ ಇನ್ನೊಂದು ಸೋರಿಕೆ ಇದೆ. ನಮ್ಮ ಕರುಳಿನಲ್ಲೇ ಇರೋ ಇ-ಕೋಲೈ ಬ್ಯಾಕ್ಟೀರಿಯಾ ಹತ್ರ ಇದೇ ಬೀಗದ ಕೈ ಇದೆ. ಬಾಯಲ್ಲಿ ನುಂಗಿದ 5-ಎಫ್‌ಸಿ ಸ್ವಲ್ಪ ಅಲ್ಲೇ 5-ಎಫ್‌ಯು ಆಗಿಬಿಡುತ್ತೆ. ಅದು ಎಷ್ಟು, ಅದನ್ನ ತಪ್ಪಿಸೋಕೆ ಡೋಸನ್ನ ಹೇಗೆ ಹಂಚಬೇಕು? ಒಂದು ಫೀಡ್‌ಬ್ಯಾಕ್, ಒಂದು ಡಿಲೇ, ಒಂದು ಡಿಸ್ಟರ್ಬೆನ್ಸ್. ಕಂಟ್ರೋಲ್ ಸಿಸ್ಟಮ್ಸ್ ಪೇಪರ್ ಬರೆದವರು ಇದನ್ನ ಡಾಕ್ಟರ ಸಮಸ್ಯೆ ಅಂತ ಹೇಗೆ ಅಂತೀರಿ?

ದುಡ್ಡಿನ ಮಾತಿಗೆ ಬಂದ್ರೆ ನಮ್ಮೂರ ತಕ್ಕಡಿಯಲ್ಲೇ ತೂಗೋಣ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಾಲ್‌ಗೆ 12,000 ರೂಪಾಯಿ. ಟಿ-ವೆಕ್ ಮಾರುಕಟ್ಟೆಗೆ ಬಂದಾಗ ಒಬ್ಬ ರೋಗಿಗೆ ಸರಾಸರಿ 65,000 ಡಾಲರ್ ಆಗುತ್ತೆ ಅಂತ ಕಂಪನಿಯೇ ಹೇಳಿತ್ತು. ಅಂದಿನ ಲೆಕ್ಕದಲ್ಲೇ 40 ಲಕ್ಷ ದಾಟುತ್ತೆ. ಅಂದ್ರೆ 333 ಕ್ವಿಂಟಾಲ್ ಕೊಬ್ಬರಿ. ತಿಪಟೂರು ಎಪಿಎಂಸಿಗೆ ಅಷ್ಟು ಕೊಬ್ಬರಿ ಒಬ್ಬನೇ ತಂದು ಹಾಕೋ ರೈತ ಎಷ್ಟು ಜನ ಇದ್ದಾರೆ ಅಂತ ಅಲ್ಲಿನ ಹಮಾಲಿಗಳನ್ನ ಕೇಳಿ. ತಮಾಷೆ ಏನಂದ್ರೆ 5-ಎಫ್‌ಯು, 5-ಎಫ್‌ಸಿ ಎರಡರ ಪೇಟೆಂಟೂ ಎಂದೋ ಮುಗಿದಿದೆ. ದುಬಾರಿ ಇರೋದು ವೈರಸ್ಸನ್ನ ಶುದ್ಧವಾಗಿ, ಪ್ರತಿ ಬ್ಯಾಚೂ ಒಂದೇ ಥರ ಬೆಳೆಸೋದು ಮತ್ತು ಮೈನಸ್ 70 ಡಿಗ್ರಿಗಿಂತ ತಣ್ಣಗೆ ಇಟ್ಟು ಸಾಗಿಸೋದು. ಮೊದಲನೆಯದು ಕೆಮಿಕಲ್ ಮತ್ತು ಬಯೋಟೆಕ್‌ನವರದ್ದು, ಎರಡನೆಯದು ಮೆಕ್ಯಾನಿಕಲ್‌ನವರದ್ದು. ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತೋ ಆ ತಾಲ್ಲೂಕಿಗೆ ತಡೆಯೋ ಪೆಟ್ಟಿಗೆ ಮಾಡೋದು ಅಮೆರಿಕದವರಿಗೆ ಬೇಕಿಲ್ಲ, ನಮಗೆ ಬೇಕು.

ಇದು ನಮ್ಮ ಕೈಲಾಗುತ್ತಾ ಅನ್ನೋರಿಗೆ ಎರಡು ಉದಾಹರಣೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಮಾಡಿದ ನೆಕ್ಸ್‌ಕಾರ್19 ಅನ್ನೋ ಕೋಶ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ತು. ಅದು ರಕ್ತದ ಕ್ಯಾನ್ಸರ್‌ಗೆ, ಬೇರೆ ದಾರಿ. ಆದರೆ ಅಮೆರಿಕದಲ್ಲಿ ಕೋಟಿಗಳಲ್ಲಿದ್ದ ಬೆಲೆ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳೀತು, ಇಳಿಸಿದ್ದರಲ್ಲಿ ಎಂಜಿನಿಯರಿಂಗ್ ಕ್ಯಾಂಪಸ್ಸಿನ ಲ್ಯಾಬ್ ಇತ್ತು. ಇನ್ನೊಂದು ನಮ್ಮ ರಾಜ್ಯದ್ದೇ. ಕೋವಿಡ್ ಕಾಲದಲ್ಲಿ ಸ್ಪುಟ್ನಿಕ್ ಲಸಿಕೆಯನ್ನ ಧಾರವಾಡದಲ್ಲಿ ತಯಾರಿಸೋಕೆ 2021ರಲ್ಲಿ ರಾಯಚೂರು ಮೂಲದ ಶಿಲ್ಪಾ ಮೆಡಿಕೇರ್ ಒಪ್ಪಂದ ಮಾಡಿಕೊಂಡಿತ್ತು. ಸ್ಪುಟ್ನಿಕ್ ಒಳಗಿರೋದು ಅಡಿನೋವೈರಸ್ಸೇ. ಬೆಳೆಯದ ಹಾಗೆ ಕತ್ತರಿಸಿದ್ದು ನಿಜ, ಆದರೂ ಬಯೋರಿಯಾಕ್ಟರಿನಲ್ಲಿ ಅದೇ ಕುಟುಂಬದ ವೈರಸ್. ಧಾರವಾಡ ಏನು ಮಂಗಳ ಗ್ರಹದಲ್ಲಿಲ್ಲ.

ಕೆಲವರು ಹೇಳ್ತಾರೆ, ಹಳ್ಳಿಯವನಿಗೆ ಸರಿಯಾದ ಸಮಯಕ್ಕೆ ಒಂದು ಮಲ ಪರೀಕ್ಷೆ ಸಿಗಲ್ಲ, ನೀನು ವೈರಸ್ ಮಾತಾಡ್ತೀಯಾ ಅಂತ. ಈ ಮಾತಿಗೆ ನಾನು ತಲೆ ಬಾಗಿಸ್ತೀನಿ, ಅರ್ಧ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹಿಡಿಯೋ ಸರಳ ಪರೀಕ್ಷೆ ಇದೆ. ಅದು ಎಂಟು ತಿಂಗಳ ಪುಡಿ-ಲೇಪವನ್ನ ಎಂಟು ದಿನಕ್ಕೆ ಇಳಿಸುತ್ತೆ. ಬೇಗ ಸಿಕ್ಕ ಕರುಳಿನ ಕ್ಯಾನ್ಸರ್ ಬಹುಪಾಲು ಆಪರೇಷನ್ನಿನಲ್ಲೇ ಮುಗಿಯುತ್ತೆ, ಯಾವ ವೈರಸ್ಸೂ ಬೇಡ. ಊರಲ್ಲಿ ಯಾರಾದ್ರೂ 'ರಕ್ತ ಹೋಗ್ತೈತೆ, ಉಷ್ಣ ಇರಬೇಕು' ಅಂದ್ರೆ, ಬೋರ್ಡು ನೋಡದೆ ಸರ್ಕಾರಿ ಆಸ್ಪತ್ರೆಯ ಸರ್ಜನ್ ಹತ್ರ ಕಳಿಸಿ. ಉಳಿದರ್ಧಕ್ಕೆ ನಾನು ಒಪ್ಪಲ್ಲ. ತಡವಾಗಿ ಬಂದವರು ಇದ್ದೇ ಇರ್ತಾರೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಆವರಣದಲ್ಲಿ ಬೆಳಗ್ಗೆ ಆರಕ್ಕೆ ಚಾಪೆ ಸುತ್ತಿಡೋ ಜನರನ್ನ ನೋಡಿದವರಿಗೆ ಇದನ್ನ ವಿವರಿಸಬೇಕಿಲ್ಲ. ಅವರಿಗೆ ಮೊದಲು ಅದು, ಆಮೇಲೆ ಇದು ಅನ್ನೋ ಸರದಿ ಲೆಕ್ಕ ಹೇಳೋ ಹಕ್ಕು ನಮಗೆ ಯಾರು ಕೊಟ್ರು?

ಈಗ ಕೆಲಸದ ಮಾತು. ಆರೋಗ್ಯವಂತ ಗಡ್ಡೆ ಕೋಶ, ಸೋಂಕಾದ ಕೋಶ, ಹೊರಗಿರೋ ವೈರಸ್, ಮದ್ದಿನ ಸಾಂದ್ರತೆ. ನಾಲ್ಕು ಚರಾಂಶ, ನಾಲ್ಕು ಡಿಫರೆನ್ಷಿಯಲ್ ಈಕ್ವೇಷನ್. ಬೇಟೆ-ಬೇಟೆಗಾರರ ಲೆಕ್ಕ ಮಾಡಿದವರಿಗೆ ಇದರ ಚಹರೆ ಗೊತ್ತಿರುತ್ತೆ. ಪ್ರೊಡ್ರಗ್ಗನ್ನ ಮೂರನೇ ದಿನ ಶುರು ಮಾಡಿದ್ರೆ ಏನಾಗುತ್ತೆ, ಹತ್ತನೇ ದಿನ ಮಾಡಿದ್ರೆ ಏನಾಗುತ್ತೆ, ಬಿಟ್ಟು ಬಿಟ್ಟು ಕೊಟ್ರೆ ಏನಾಗುತ್ತೆ ಅಂತ ಒಂದು ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಓಡಿಸಿ ನೋಡಬಹುದು. ಅದರಿಂದ ನಾಳೆನೇ ಯಾರೂ ಗುಣ ಆಗಲ್ಲ. ಅಕ್ಯುರೆಸಿ 98 ಅಂತ ಬರೆಯೋ ಜಾಗವೂ ಪೋಸ್ಟರಿನಲ್ಲಿ ಇರಲ್ಲ. ಕಂಪ್ಯೂಟರ್ ಸೈನ್ಸಿನ ಇಬ್ಬರು, ಬಯೋಟೆಕ್‌ನ ಒಬ್ಬಳು, ಕೆಮಿಕಲ್‌ನ ಒಬ್ಬ ಕೂತರೆ ಒಂದು ಸೆಮಿಸ್ಟರಿನ ಕೆಲಸ. ನಮ್ಮಲ್ಲಿ ಬೇರೆ ಬೇರೆ ಬ್ರಾಂಚಿನವರು ಒಂದೇ ಪ್ರಾಜೆಕ್ಟ್ ಮಾಡೋಕೆ ನಿಯಮದಲ್ಲೇ ಜಾಗ ಇಲ್ಲ, ಎಚ್‌ಒಡಿಗಳ ಮುಂದೆ ಅರ್ಜಿ ಇಡಬೇಕು. ಅರ್ಜಿಯ ಕರಡು ನನ್ನ ಹತ್ರ ಇದೆ, ಎರಡು ಸಹಿ ಬಿದ್ದಿದೆ, ಇನ್ನೆರಡು ಬೇಕು.